ಡಯಾಲಿಸಿಸ್ ಸಿಸ್ಟರ್‌ಗೆ ಎಷ್ಟು ರೋಗಿಗಳಾದರೆ ಜಾಸ್ತಿ?

ರಾಜ್ಯದ ಡಯಾಲಿಸಿಸ್ ಕೇಂದ್ರಗಳ ಬಗ್ಗೆ ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೊಸ ಯಂತ್ರ ಬಂತು ಎಂಬ ಸುದ್ದಿ. ಇನ್ನೊಮ್ಮೆ ರೋಗಿಗಳು ಸರದಿಗಾಗಿ ಕಾಯುತ್ತಿದ್ದಾರೆ ಎಂಬ ಸುದ್ದಿ. ನಡುವೆ ಸಂಬಳ ತಡವಾಗಿದ್ದಕ್ಕೆ, ಕೆಲಸದ ಭದ್ರತೆಗೆ ಗುತ್ತಿಗೆ ಸಿಬ್ಬಂದಿ ಮುಷ್ಕರ ಹೂಡಿದ ಸುದ್ದಿ. ಯಂತ್ರ ಜಾಸ್ತಿಯಾದರೆ ಕಾಯುವುದು ಕಡಿಮೆಯಾಗಬೇಕಿತ್ತು ಅಲ್ವಾ?

ಇದೇ ಹೊತ್ತಿಗೆ ಕಾರವಾರ, ಕುಮಟಾ, ಶಿರಸಿ ಕಡೆಯಲ್ಲಿ ನರ್ಸಿಂಗ್ ಮುಗಿಸಿದವರ ಮುಂದೆ ಇನ್ನೊಂದು ಪ್ರಶ್ನೆ ಇದೆ. ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಖಾಲಿ ಇದೆ, ಒಬ್ಬರಿಗೆ ನಾಲ್ಕು ರೋಗಿ ಎನ್ನುತ್ತಾರೆ. ನಾಲ್ಕು ಕಡಿಮೆಯೇ, ಜಾಸ್ತಿಯೇ? ವಾರ್ಡ್‌ನಲ್ಲಿ ಹತ್ತಾರು ರೋಗಿಗಳನ್ನು ನೋಡಿ ಬಂದವರಿಗೆ ನಾಲ್ಕು ಸುಲಭ ಅನ್ನಿಸುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಹಾಗನ್ನಿಸುವುದಿಲ್ಲ.

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಡಯಾಲಿಸಿಸ್ ಕೇಂದ್ರ ಎಷ್ಟು ಜನರನ್ನು ನೋಡಬಲ್ಲದು ಎಂಬುದನ್ನು ತೀರ್ಮಾನಿಸುವುದು ಯಂತ್ರಗಳ ಸಂಖ್ಯೆ ಅಲ್ಲ. ಯಂತ್ರಗಳ ನಡುವೆ ಓಡಾಡುವ ಸಿಸ್ಟರ್ ಮತ್ತು ಟೆಕ್ನಿಷಿಯನ್ ಕೈಯಲ್ಲಿ ಎಷ್ಟು ನಿಮಿಷ ಇದೆ ಎಂಬುದು.

ಯಂತ್ರಗಳು ತಾಲ್ಲೂಕಿಗೆ ಬಂದ ಬಗೆ

ಕೇಂದ್ರ ಸರ್ಕಾರ 2016-17ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ಸರ್ಕಾರಿ ಆಸ್ಪತ್ರೆಯೊಳಗೆ ಖಾಸಗಿ ಸಂಸ್ಥೆಯ ಸಹಭಾಗಿತ್ವದಲ್ಲಿ ಡಯಾಲಿಸಿಸ್ ನಡೆಸುವುದು, ಬಡವರ ಖರ್ಚನ್ನು ಸರ್ಕಾರ ಕೊಡುವುದು ಅದರ ರೀತಿ. ಆ ಬಜೆಟ್ ಭಾಷಣದಲ್ಲಿ ಒಂದು ಅಂಕಿ ಇತ್ತು. ದೇಶದಲ್ಲಿ ಪ್ರತಿ ವರ್ಷ 2.2 ಲಕ್ಷ ಜನ ಹೊಸದಾಗಿ ಮೂತ್ರಪಿಂಡ ವೈಫಲ್ಯದ ಕೊನೆಯ ಹಂತ ತಲುಪುತ್ತಾರೆ, ಅದರಿಂದ 3.4 ಕೋಟಿ ಡಯಾಲಿಸಿಸ್‌ಗೆ ಹೆಚ್ಚುವರಿ ಬೇಡಿಕೆ ಹುಟ್ಟುತ್ತದೆ ಎಂದು.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾರಕ್ಕೆ ಮೂರು ಸಲದಂತೆ ವರ್ಷಕ್ಕೆ 156 ಸಲ ಆಗುತ್ತದೆ. ಅದನ್ನು 2.2 ಲಕ್ಷದಿಂದ ಗುಣಿಸಿದರೆ 3.43 ಕೋಟಿ. ಅಂದರೆ ಒಬ್ಬರಿಗೆ ವಾರಕ್ಕೆ ಮೂರು ಸಲ ಎಂಬ ಲೆಕ್ಕದಲ್ಲೇ ಆ ಬೇಡಿಕೆ ಬಂದಿದೆ. ನಮ್ಮ ದೇಶದಲ್ಲಿ ಎಷ್ಟೋ ರೋಗಿಗಳಿಗೆ ಸಿಗುತ್ತಿರುವುದು ವಾರಕ್ಕೆ ಎರಡೇ ಸಲ.

ಯಾಕೆ ಅನ್ನುವುದಕ್ಕೆ ಒಂದು ಯಂತ್ರದ ಲೆಕ್ಕ ಸಾಕು. ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ಓಡಿಸಿದರೆ 18 ಸರದಿ. ವಾರಕ್ಕೆ ಮೂರು ಸಲ ಕೊಟ್ಟರೆ ಆ ಯಂತ್ರ ಆರು ಜನರಿಗೆ ಸಾಲುತ್ತದೆ. ಎರಡು ಸಲ ಕೊಟ್ಟರೆ ಒಂಬತ್ತು ಜನರಿಗೆ. ಮೂರನೇ ಪಾಳಿಗೆ ಸಿಬ್ಬಂದಿ ಇಲ್ಲ ಅಂದುಕೊಳ್ಳಿ. ಸರದಿ 12ಕ್ಕೆ ಇಳಿಯುತ್ತದೆ. ಆಗ ಮೂರು ಸಲದ ಲೆಕ್ಕದಲ್ಲಿ ನಾಲ್ಕೇ ಜನ. ಯಂತ್ರ ಅದೇ, ಕೋಣೆ ಅದೇ, ಕಡಿಮೆಯಾದದ್ದು ಆಳು ಮಾತ್ರ. ಹೊಸ ಯಂತ್ರ ಬಂದ ಮೇಲೂ ಜನ ಕಾಯುವುದು ಹೀಗೆ.

ಉತ್ತರ ಕನ್ನಡದಲ್ಲಿ ತಾಲ್ಲೂಕು ಕೇಂದ್ರಗಳಿಗೆ ಬೇರೆಡೆಗಿಂತ ಜಾಸ್ತಿ ಮಹತ್ವ ಇದೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೆ ಸಿಕ್ಕಿ ಜೀವಗಳು ಹೋದ ಮೇಲೆ ಆ ಕೂಗು ಇನ್ನೂ ಜೋರಾಯಿತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದ್ದರೂ ದೊಡ್ಡ ಕಾಯಿಲೆಗೆ ಜನ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ಆಪರೇಷನ್ನಿಗಾದರೆ ಒಂದು ಸಲ ಹೋಗಿ ಬರಬಹುದು. ಡಯಾಲಿಸಿಸ್‌ಗೆ ವರ್ಷಕ್ಕೆ ನೂರಕ್ಕಿಂತ ಹೆಚ್ಚು ಸಲ ಹೋಗಬೇಕು. ಮನೆ ಹತ್ತಿರ ಕೇಂದ್ರ ಇಲ್ಲದಿದ್ದರೆ ಅದು ನಡೆಯುವ ಮಾತಲ್ಲ.

ಆದರೆ ತಾಲ್ಲೂಕು ಕೇಂದ್ರ ಅಂದರೆ ಸಣ್ಣ ಕೇಂದ್ರ. ಕೆಲವೇ ಯಂತ್ರ, ಬೆರಳೆಣಿಕೆಯ ಸಿಬ್ಬಂದಿ. ಇಪ್ಪತ್ತು ಜನ ಕೆಲಸ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ರಜೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಪಾಳಿಗೆ ಇಬ್ಬರೇ ಇರುವ ಕಡೆ ಒಬ್ಬರು ಜ್ವರ ಬಂದು ಮಲಗಿದರೆ ಉಳಿದವರ ಕೆಲಸ ಎರಡು ಪಟ್ಟಾಗುತ್ತದೆ. ಇದನ್ನು ಮುಂದೆಯೂ ನೆನಪಿಡಬೇಕು.

ನಾಲ್ಕು ಗಂಟೆಯೊಳಗೆ ಏನೇನು ಇದೆ

ಹೊರಗಿನಿಂದ ನೋಡಿದರೆ ರೋಗಿ ಮಲಗಿದ್ದಾರೆ, ಯಂತ್ರ ತಿರುಗುತ್ತಿದೆ, ಸಿಸ್ಟರ್ ಏನೋ ಬರೆದುಕೊಳ್ಳುತ್ತಿದ್ದಾರೆ. ಕೆಲಸ ಇಷ್ಟೇ ಅನ್ನಿಸಬಹುದು.

ರೋಗಿ ಬಂದ ಕೂಡಲೇ ತೂಕ ನೋಡಬೇಕು. ಹಿಂದಿನ ಸಲ ಹೋದಾಗಿನ ತೂಕಕ್ಕೂ ಇವತ್ತಿನ ತೂಕಕ್ಕೂ ಇರುವ ವ್ಯತ್ಯಾಸವೇ ಮೈಯಲ್ಲಿ ನಿಂತ ನೀರು. ಅದರಲ್ಲಿ ಇವತ್ತು ಎಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕಬೇಕು. ಬಿಪಿ ನೋಡಿ, ಉಸಿರಾಟ ಕೇಳಿ, ಕೈಯ ಫಿಸ್ಟುಲಾ (ಸೂಜಿ ಹಾಕಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಸರಿಯಾಗಿ ಮಿಡಿಯುತ್ತಿದೆಯಾ ಎಂದು ಮುಟ್ಟಿ ನೋಡಿ, ಎರಡು ದಪ್ಪ ಸೂಜಿ ಚುಚ್ಚಬೇಕು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕು. ಆಮೇಲೆ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್‌ನಷ್ಟು ರಕ್ತ ದೇಹದಿಂದ ಹೊರಬಂದು ಡಯಾಲೈಸರ್ ಎಂಬ ಶೋಧಕದ ಮೂಲಕ ಹಾದು ವಾಪಸ್ ಹೋಗುತ್ತದೆ. ಇನ್ನೊಂದು ಕಡೆಯಿಂದ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಅಷ್ಟೂ ಆರ್‌ಒ ಘಟಕದಲ್ಲಿ ಶುದ್ಧವಾದ ನೀರೇ ಆಗಬೇಕು. ಅದರಲ್ಲಿ ಕ್ಲೋರಿನ್ ಉಳಿದಿಲ್ಲ ಎಂದು ಪರೀಕ್ಷೆ ಮಾಡಿದ ಮೇಲೆಯೇ ರೋಗಿಗೆ ಸಂಪರ್ಕ ಕೊಡಬೇಕು. ಕ್ಲೋರಿನ್ ರಕ್ತಕ್ಕೆ ಹೋದರೆ ಕೆಂಪು ರಕ್ತಕಣ ಒಡೆಯುತ್ತದೆ.

ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ ಬಿಪಿ, ನಾಡಿ, ಯಂತ್ರದ ಒತ್ತಡದ ಅಂಕಿಗಳನ್ನು ನೋಡಿ ಬರೆಯುವುದು ಒಳ್ಳೆಯ ಕೇಂದ್ರಗಳ ಪದ್ಧತಿ. ನೀರು ತೆಗೆಯುತ್ತಾ ಹೋದಂತೆ ಬಿಪಿ ಇಳಿಯುವುದು, ಕಾಲು ಸೆಳೆತ, ವಾಂತಿ ಇವೆಲ್ಲ ಡಯಾಲಿಸಿಸ್‌ನಲ್ಲಿ ಆಗಾಗ ಕಾಣುವ ತೊಂದರೆಗಳು. ಬೇಗ ಗಮನಿಸಿದರೆ ನೀರು ತೆಗೆಯುವ ವೇಗ ತಗ್ಗಿಸಿ, ಕಾಲು ಮೇಲೆತ್ತಿಸಿ, ಸ್ವಲ್ಪ ಸಲೈನ್ ಕೊಟ್ಟು ಸರಿಮಾಡಬಹುದು. ತಡವಾದರೆ ರೋಗಿ ಪ್ರಜ್ಞೆ ತಪ್ಪುತ್ತಾರೆ.

ಎಲ್ಲಕ್ಕಿಂತ ಭಯದ್ದು ಸೂಜಿ ಜಾರುವುದು. ರಕ್ತ ವಾಪಸ್ ಹೋಗುವ ಸೂಜಿ ಕಳಚಿಕೊಂಡರೆ ಯಂತ್ರ ತಾನು ಎಳೆದ ರಕ್ತವನ್ನು ಹಾಸಿಗೆಗೆ ಸುರಿಯುತ್ತದೆ. ಒತ್ತಡ ಸಾಕಷ್ಟು ಇಳಿಯದೆ ಹೋದರೆ ಅಲಾರಾಂ ಹೊಡೆಯದೆಯೂ ಇರಬಹುದು. ನಿಮಿಷಕ್ಕೆ 300 ಮಿಲಿಲೀಟರ್ ಅಂದರೆ ಐದು ನಿಮಿಷಕ್ಕೆ ಒಂದೂವರೆ ಲೀಟರ್. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್ ರಕ್ತ. ಹಾಗಾಗಿಯೇ ಸೂಜಿ ಹಾಕಿದ ಕೈಯನ್ನು ಹೊದಿಕೆಯಿಂದ ಮುಚ್ಚಬಾರದು, ಅದು ಸಿಸ್ಟರ್ ಕಣ್ಣಿಗೆ ಕಾಣುತ್ತಿರಬೇಕು ಎಂಬ ನಿಯಮ ಇದೆ. ನೋಡಲು ಆ ಹೊತ್ತಿಗೆ ಅಲ್ಲಿ ಯಾರಾದರೂ ಇರಬೇಕು, ಅಷ್ಟೇ.

ನಿಮಿಷದ ಲೆಕ್ಕ

ಈಗ ಕೆಲಸದ ಹೊರೆಯನ್ನು ನಿಮಿಷದಲ್ಲಿ ಅಳೆದು ನೋಡೋಣ. ಒಂದು ಸಲದ ಪರಿಶೀಲನೆಗೆ ನಾಲ್ಕು ನಿಮಿಷ ಅಂದುಕೊಳ್ಳಿ. ಕೈ ಶುಚಿ ಮಾಡಿಕೊಂಡು, ಬಿಪಿ ನೋಡಿ, ರೋಗಿಯನ್ನು ಒಂದು ಮಾತು ಕೇಳಿ, ಬರೆದು ಮುಂದೆ ಹೋಗಲು ಅಷ್ಟಾದರೂ ಬೇಕು.

ನಾಲ್ಕು ರೋಗಿ ಇದ್ದರೆ ಗಂಟೆಗೆ ಎಂಟು ಪರಿಶೀಲನೆ, 32 ನಿಮಿಷ. ಉಳಿದ 28 ನಿಮಿಷದಲ್ಲಿ ಅಲಾರಾಂಗೆ ಓಡಬಹುದು, ಇಂಜೆಕ್ಷನ್ ಕೊಡಬಹುದು, ಊಟದ ಪಥ್ಯ ಹೇಳಬಹುದು. ಆರು ರೋಗಿಯಾದರೆ 48 ನಿಮಿಷ. ಉಳಿಯುವುದು 12. ಎಂಟಾದರೆ 64 ನಿಮಿಷ. ಗಂಟೆಯಲ್ಲಿ ಅಷ್ಟು ನಿಮಿಷವೇ ಇಲ್ಲ. ಎಂಟು ರೋಗಿಗಳನ್ನು ಒಬ್ಬರೇ ನೋಡುವ ಕಡೆ ಅರ್ಧ ಗಂಟೆಗೊಮ್ಮೆಯ ದಾಖಲೆ ಪೂರ್ತಿ ತುಂಬಿದ್ದರೆ, ಒಂದೋ ಪರಿಶೀಲನೆ ಬರೀ ಮೇಲ್ನೋಟಕ್ಕೆ ಆಗಿದೆ, ಇಲ್ಲವೇ ಅಂಕಿಗಳನ್ನು ಕೊನೆಗೆ ಕೂತು ತುಂಬಿದ್ದಾರೆ. ಅದಕ್ಕೆ ಆ ಸಿಸ್ಟರ್ ಅನ್ನು ಬೈದು ಪ್ರಯೋಜನ ಇಲ್ಲ. ಗಂಟೆಗೆ 64 ನಿಮಿಷ ಕೇಳಿದ ವ್ಯವಸ್ಥೆಯನ್ನು ಕೇಳಬೇಕು.

ಹಾಗಾದರೆ ನಾಲ್ಕು ಸರಿ, ಆರು ಕಷ್ಟ, ಎಂಟು ಅಸಾಧ್ಯ ಎಂದು ಗೆರೆ ಎಳೆದುಬಿಡಬಹುದೇ? ಸುಮಾರಾಗಿ ಹೌದು. ಆದರೆ ಈ ಲೆಕ್ಕ ಸೆಷನ್‌ನ ನಡುವಿನ, ಎಲ್ಲ ಶಾಂತವಾಗಿರುವ ಹೊತ್ತಿನದು. ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ.

ಪಾಳಿ ಬದಲಾಗುವ ಹೊತ್ತು

ಬೆಳಗಿನ ಪಾಳಿ ಮುಗಿಯಿತು ಅಂದುಕೊಳ್ಳಿ. ನಾಲ್ಕೂ ಯಂತ್ರ ಹೆಚ್ಚುಕಡಿಮೆ ಒಟ್ಟಿಗೆ ನಿಲ್ಲುತ್ತವೆ. ಪ್ರತಿ ರೋಗಿಯ ರಕ್ತವನ್ನು ವಾಪಸ್ ಕೊಟ್ಟು, ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ಎಬ್ಬಿಸಿ ಬಿಪಿ ನೋಡಿ, ತೂಕ ಬರೆಯಲು 15 ನಿಮಿಷ ಬೇಕು. ಆಮೇಲೆ ಯಂತ್ರದ ಒಳಗಿನ ದಾರಿ ಶುಚಿಯಾಗಬೇಕು, ಹೊರಮೈ ಒರೆಸಬೇಕು. ಹೊಸ ಟ್ಯೂಬ್, ಡಯಾಲೈಸರ್ ಜೋಡಿಸಿ ಗಾಳಿ ತೆಗೆಯಲು ಇನ್ನೊಂದು 15. ಮುಂದಿನ ರೋಗಿಯನ್ನು ಪರೀಕ್ಷಿಸಿ, ಸೂಜಿ ಹಾಕಿ ಶುರು ಮಾಡಲು ಮತ್ತೊಂದು 15.

ಯಂತ್ರ ತಾನೇ ತೊಳೆದುಕೊಳ್ಳುವ ಹೊತ್ತು ಬಿಟ್ಟರೂ ಒಬ್ಬ ರೋಗಿಗೆ 45 ನಿಮಿಷದ ಕೈಕೆಲಸ. ನಾಲ್ಕಕ್ಕೆ ಮೂರು ಗಂಟೆ. ಇಬ್ಬರಿದ್ದರೆ ಒಂದೂವರೆ ಗಂಟೆ. ವೇಳಾಪಟ್ಟಿಯಲ್ಲಿ ಎರಡು ಪಾಳಿಗಳ ನಡುವೆ 45 ನಿಮಿಷ ಮಾತ್ರ ಬಿಟ್ಟಿದ್ದರೆ ಉಳಿದ ಹೊತ್ತನ್ನು ಎಲ್ಲಿಂದ ತರುವುದು?

ಎಲ್ಲೋ ಒಂದು ಕಡೆ ಕತ್ತರಿ ಬೀಳುತ್ತದೆ. ಸೋಂಕುನಾಶಕ ಯಂತ್ರದ ಮೇಲೆ ನಿಲ್ಲಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈಗವಸು ಬದಲಾಗುವುದಿಲ್ಲ. ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿಯುವ ಕೆಲಸ ರೋಗಿಗೋ ಅವರ ಮನೆಯವರಿಗೋ ಹೋಗುತ್ತದೆ. ಅಥವಾ ಡಯಾಲಿಸಿಸ್ ಅನ್ನೇ ನಾಲ್ಕು ಗಂಟೆ ಬದಲು ಮೂರೂವರೆಗೆ ನಿಲ್ಲಿಸುತ್ತಾರೆ. ಡಯಾಲಿಸಿಸ್ ಘಟಕಗಳಲ್ಲಿ ಹೆಪಟೈಟಿಸ್ ಸಿ ಒಬ್ಬರಿಂದ ಒಬ್ಬರಿಗೆ ಹರಡಿದ ಪ್ರಕರಣಗಳನ್ನು ಹುಡುಕಿದಾಗ ಕೈ ಶುಚಿ, ಕೈಗವಸು, ಯಂತ್ರ ಒರೆಸುವುದು ಇಂಥ ಸಣ್ಣ ಲೋಪಗಳೇ ಮತ್ತೆ ಮತ್ತೆ ಸಿಕ್ಕಿವೆ. ಆ ಲೋಪಗಳು ಜಾಸ್ತಿಯಾಗುವುದು ಹೀಗೆ ಅವಸರ ಬಿದ್ದಾಗ.

ಇದಕ್ಕೆ ಗೊತ್ತಿರುವ ಒಂದು ಪರಿಹಾರ ಇದೆ. ನಾಲ್ಕು ರೋಗಿಗಳನ್ನು ಒಟ್ಟಿಗೆ ಶುರು ಮಾಡದೆ ಅರ್ಧರ್ಧ ಗಂಟೆ ಬಿಟ್ಟು ಶುರು ಮಾಡುವುದು. ಆರಕ್ಕೆ ಒಬ್ಬರು, ಆರೂವರೆಗೆ ಒಬ್ಬರು, ಹೀಗೆ. ಆಗ ಮುಗಿಯುವುದೂ ಬಿಡಿಬಿಡಿಯಾಗಿ. ಹೇಳಲು ಸುಲಭ. ನಮ್ಮ ಜಿಲ್ಲೆಯಲ್ಲಿ ರೋಗಿಗಳು ಬರುವುದು ಬಸ್ಸಿನಲ್ಲಿ. ಒಂದೇ ದಿಕ್ಕಿನ ಊರುಗಳವರು ಒಂದೇ ಬಸ್ಸಿಗೆ ಬರುತ್ತಾರೆ, ವಾಪಸ್ ಹೋಗುವ ಬಸ್ಸೂ ಒಂದೇ. ಜೊಯಿಡಾ, ಸಿದ್ದಾಪುರದ ಒಳಹಳ್ಳಿಯ ರೋಗಿಗೆ ‘ನಿಮ್ಮದು ಏಳೂವರೆಗೆ’ ಅಂದರೆ ವಾಪಸ್ ಹೋಗುವ ಬಸ್ಸು ತಪ್ಪಬಹುದು. ಹಾಗಾಗಿ ಪಾಳಿಯ ವೇಳೆ ತೀರ್ಮಾನ ಮಾಡುವಾಗ ಬಸ್ಸಿನ ವೇಳೆಯನ್ನೂ ಕೂಡಿಸಿ ನೋಡಬೇಕು.

ಒಂದೇ ಅಂಕಿ, ಬೇರೆ ಬೇರೆ ಭಾರ

ನಾಲ್ಕು ರೋಗಿ ಅಂದಾಗ ಎಂಥ ನಾಲ್ಕು ಎಂಬುದನ್ನೂ ಕೇಳಬೇಕು. ವರ್ಷಗಟ್ಟಲೆ ಬರುತ್ತಿರುವ, ಫಿಸ್ಟುಲಾ ಚೆನ್ನಾಗಿರುವ, ನೀರಿನ ಮಿತಿ ಪಾಲಿಸುವ ನಾಲ್ವರನ್ನು ನೋಡುವುದು ಕಷ್ಟ ಅಲ್ಲ. ಡಯಾಲಿಸಿಸ್ ಕೆಲಸದ ದೊಡ್ಡ ಒಳ್ಳೆಯ ಗುಣವೇ ಇದು. ಅದೇ ಮುಖಗಳು ವಾರ ವಾರ ಬರುತ್ತವೆ. ಯಾರಿಗೆ ಮೂರನೇ ಗಂಟೆಗೆ ಬಿಪಿ ಇಳಿಯುತ್ತದೆ, ಯಾರು ಸುಸ್ತಾದರೂ ಹೇಳುವುದಿಲ್ಲ ಎಂಬುದು ಅನುಭವಿ ಸಿಸ್ಟರ್‌ಗೆ ಗೊತ್ತಿರುತ್ತದೆ. ಫಿಸ್ಟುಲಾ ಬದಲು ಕುತ್ತಿಗೆಯಲ್ಲಿ ಕ್ಯಾತಿಟರ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಇರುವ, ಮೊನ್ನೆಯಷ್ಟೇ ಡಯಾಲಿಸಿಸ್ ಶುರುವಾದ, ಸಕ್ಕರೆ ಕಾಯಿಲೆಯೂ ಹೃದಯದ ತೊಂದರೆಯೂ ಇರುವ ನಾಲ್ವರು ಬಂದರೆ ಅದು ಬೇರೆಯದೇ ಕೆಲಸ.

ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಆಗುವವರಲ್ಲಿ ನಡುವಿನ ಅಂತರ ಉದ್ದ. ನೀರು ಜಾಸ್ತಿ ತುಂಬಿರುತ್ತದೆ. ತೂಕದ ಪ್ರತಿ ಕಿಲೋಗೆ ಗಂಟೆಗೆ 13 ಮಿಲಿಲೀಟರ್‌ಗಿಂತ ವೇಗವಾಗಿ ನೀರು ತೆಗೆದರೆ ಹೃದಯಕ್ಕೆ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. 60 ಕಿಲೋ ತೂಕದವರಿಗೆ ನಾಲ್ಕು ಗಂಟೆಯಲ್ಲಿ ಅದು ಸುಮಾರು 3.1 ಲೀಟರ್. ಅವರು ನಾಲ್ಕೂವರೆ ಲೀಟರ್ ಹೊತ್ತು ಬಂದರೆ? ಪೂರ್ತಿ ತೆಗೆದರೆ ಬಿಪಿ ಬೀಳುತ್ತದೆ. ಬಿಟ್ಟರೆ ರಾತ್ರಿ ಮನೆಯಲ್ಲಿ ಉಸಿರು ಕಟ್ಟುತ್ತದೆ. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲೂ ಎರಡು ದಿನದ ಬಿಡುವಿನ ಮರುದಿನ ಸಾವು ಮತ್ತು ಹೃದಯದ ತೊಂದರೆ ಹೆಚ್ಚು ಎಂದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಭಾನುವಾರ ರಜೆ ಇರುವ ಕೇಂದ್ರದಲ್ಲಿ ಸೋಮವಾರದ ನಾಲ್ಕು ರೋಗಿ ಶುಕ್ರವಾರದ ನಾಲ್ಕು ರೋಗಿಗಿಂತ ಭಾರ.

ಕರಾವಳಿಯ ಸೆಕೆಗೆ ಬಾಯಾರಿಕೆ ಜಾಸ್ತಿ. ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯದ ಮನೆಗಳು ಎಷ್ಟೋ. ಉಪ್ಪು ಹೆಚ್ಚಾದಷ್ಟೂ ನೀರು ಬೇಕೆನಿಸುತ್ತದೆ. ಒಳ್ಳೆಯದೆಂದು ಕುಡಿಸುವ ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಮೂತ್ರಪಿಂಡ ಕೆಲಸ ಮಾಡದವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಇದನ್ನೆಲ್ಲ ಬಿಡಿಸಿ ಹೇಳುವುದು ಸಿಸ್ಟರ್ ಕೆಲಸವೇ. ಕೆಲವರಿಗೆ ಕೊಂಕಣಿಯಲ್ಲಿ, ಭಟ್ಕಳದ ಕಡೆ ನವಾಯತಿಯಲ್ಲಿ ಹೇಳಿದರೆ ಮಾತ್ರ ಮನಸ್ಸಿಗೆ ಹೋಗುತ್ತದೆ. ಪಥ್ಯ ಹೇಳಲು ಪುರುಸೊತ್ತಿಲ್ಲದಿದ್ದರೆ ಮುಂದಿನ ಸಲ ರೋಗಿ ಇನ್ನೂ ಹೆಚ್ಚು ನೀರು ಹೊತ್ತು ಬರುತ್ತಾರೆ, ಮುಂದಿನ ಸಲದ ಕೆಲಸ ಇನ್ನೂ ಭಾರ ಆಗುತ್ತದೆ.

ಇನ್ನೊಂದು ವಿಷಯ ಅಂಕಿಯನ್ನೇ ತಲೆಕೆಳಗು ಮಾಡುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ಮೇಲ್ಮೈಯಲ್ಲೂ ಕನಿಷ್ಠ ಏಳು ದಿನ ಬದುಕಬಲ್ಲದು. ಆ ಸೋಂಕು ಇರುವವರಿಗೆ ಪ್ರತ್ಯೇಕ ಯಂತ್ರ ಬೇಕು. ಅವರನ್ನು ನೋಡುವ ಸಿಬ್ಬಂದಿ ಅದೇ ಹೊತ್ತಿನಲ್ಲಿ, ಸೋಂಕು ತಗುಲಬಹುದಾದ ಬೇರೆ ರೋಗಿಗಳನ್ನು ನೋಡಬಾರದು ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಸಲಹೆ. ಆರು ಯಂತ್ರ, ಇಬ್ಬರು ಸಿಬ್ಬಂದಿ ಇರುವ ಕಡೆ ಕಾಗದದಲ್ಲಿ ಒಬ್ಬರಿಗೆ ಮೂರು. ಆರರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದು ನಿಯಮ ಪಾಲಿಸಿದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಐದು.

ಯಾರ ವಾದ ಏನು

ಕೇಂದ್ರ ನಡೆಸುವವರ ಮಾತು ಹೀಗೆ: ಈಗಿನ ಯಂತ್ರಗಳು ಬಹಳಷ್ಟು ಕೆಲಸ ತಾವೇ ಮಾಡುತ್ತವೆ, ಗಾಳಿ ಬಂದರೆ, ಒತ್ತಡ ಏರಿದರೆ ತಾವೇ ನಿಲ್ಲುತ್ತವೆ, ಹಾಗಾಗಿ ಒಬ್ಬರು ಹೆಚ್ಚು ಯಂತ್ರ ನೋಡಬಹುದು. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಇದರ ಹಿಂದೆ ಹಣದ ಲೆಕ್ಕವೂ ಇದೆ. ಸರ್ಕಾರ ಹಣ ಕೊಡುವುದು ಒಂದು ಡಯಾಲಿಸಿಸ್‌ಗೆ ಇಷ್ಟು ಎಂದು. ಡಯಾಲೈಸರ್, ಟ್ಯೂಬ್, ಸೂಜಿ, ದ್ರಾವಣ, ಕರೆಂಟು ಇವುಗಳಲ್ಲಿ ಉಳಿಸಲು ಜಾಗ ಇಲ್ಲ. ಹಿಗ್ಗಿಸಿ ಕುಗ್ಗಿಸಲು ಬರುವುದು ಸಿಬ್ಬಂದಿ ಖರ್ಚು ಒಂದೇ. ಬಿಲ್ ತಡವಾದಾಗ ಮೊದಲು ನಿಲ್ಲುವುದೂ ಸಂಬಳವೇ.

ಸಿಬ್ಬಂದಿ ಕೇಳುವುದು ಕಾಗದದ ಮೇಲೆ ನಿಗದಿಯಾದ ಸಂಖ್ಯೆ. ಇಷ್ಟು ಯಂತ್ರಕ್ಕೆ ಇಷ್ಟು ಜನ ಎಂದು ಬರೆದಿರಬೇಕು, ರಜೆಗೆ ಬದಲಿ ಇರಬೇಕು ಎಂದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಲ್ಲಿ ಶೇ 30ರಷ್ಟು ರಜಾ ಮೀಸಲು ಇರಬೇಕೆಂಬ ಮಾತು ಇದೆ. ಅದೇನೂ ಹೊಸ ಬೇಡಿಕೆ ಅಲ್ಲ.

ರೋಗಿಗಳ ಭಯ ಇನ್ನೊಂದು. ಸಂಖ್ಯೆ ಕಟ್ಟುನಿಟ್ಟು ಮಾಡಿದರೆ ಸಿಬ್ಬಂದಿ ಇಲ್ಲ ಅಂತ ತಮ್ಮ ಸರದಿಯನ್ನೇ ತೆಗೆದುಬಿಡುತ್ತಾರೆ ಎಂದು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ನುರಿತವರು ಸಿಗದ ಕಡೆ ನಿಯಮ ಮಾತ್ರ ಬಿಗಿ ಮಾಡಿದರೆ ಮೂರನೇ ಪಾಳಿ ಮುಚ್ಚುವುದು ಎಲ್ಲಕ್ಕಿಂತ ಸುಲಭದ ದಾರಿ.

ಬೇರೆ ದೇಶದ ಅಂಕಿ ತಂದು ಇಲ್ಲಿಗೆ ಹೋಲಿಸುವವರೂ ಇದ್ದಾರೆ. ಅಮೆರಿಕದ ಅನೇಕ ಕೇಂದ್ರಗಳಲ್ಲಿ ಒಬ್ಬ ನರ್ಸ್‌ಗೆ 12 ರೋಗಿ ಎಂದು ಕೇಳಿದರೆ ನಮ್ಮದೇ ವಾಸಿ ಅನ್ನಿಸಬಹುದು. ಅಲ್ಲಿ ಆ ನರ್ಸ್ ಜೊತೆ ತಲಾ ನಾಲ್ಕು ರೋಗಿಗಳನ್ನು ನೋಡುವ ಟೆಕ್ನಿಷಿಯನ್‌ಗಳು ಇರುತ್ತಾರೆ. ಆ ದೇಶದ ಕೇಂದ್ರ ಸರ್ಕಾರದ ನಿಯಮ ನಿರ್ದಿಷ್ಟ ಸಂಖ್ಯೆ ಹೇಳುವುದಿಲ್ಲ. ಸಾಕಷ್ಟು ತರಬೇತಾದ ಸಿಬ್ಬಂದಿ ಇರಬೇಕು, ಡಯಾಲಿಸಿಸ್ ನಡೆಯುವಷ್ಟು ಹೊತ್ತೂ ನೋಂದಾಯಿತ ನರ್ಸ್ ಕೇಂದ್ರದಲ್ಲೇ ಇರಬೇಕು ಎನ್ನುತ್ತದೆ. ಕೆಲವು ರಾಜ್ಯಗಳು ಮಾತ್ರ ಸಂಖ್ಯೆಯನ್ನು ಕಾನೂನಿನಲ್ಲೇ ಬರೆದಿವೆ. ಗಲ್ಫ್‌ಗೋ ಯುರೋಪಿಗೋ ಹೋಗುವ ಯೋಚನೆ ಇರುವವರು ಸಹ ಇದನ್ನು ಗಮನಿಸಬೇಕು. ಜೊತೆಗೆ ಯಾರಿದ್ದಾರೆ ಎಂದು ಕೇಳದೆ ಅಂಕಿಗೆ ಅರ್ಥ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಸಂಖ್ಯೆ ನಿಗದಿ ಬೇಕೇ ಬೇಕು, ಇಲ್ಲದಿದ್ದರೆ ಕೇಳಲು ಆಧಾರವೇ ಇರುವುದಿಲ್ಲ. ಆದರೆ ಆ ಸಂಖ್ಯೆಯನ್ನು ದಿನದ ಸರಾಸರಿಯಲ್ಲಿ ಅಳೆಯಬಾರದು. ಪಾಳಿ ಬದಲಾಗುವ ಆ ಒಂದು ಗಂಟೆಯಲ್ಲಿ ಎಷ್ಟು ಕೈಗಳಿವೆ ಎಂಬುದರಲ್ಲಿ ಅಳೆಯಬೇಕು.

ಡಯಾಲೈಸರ್ ಬದಲಾದದ್ದರಿಂದ ಆದ ವ್ಯತ್ಯಾಸ

2024ರಲ್ಲಿ ಕರ್ನಾಟಕದ ಸರ್ಕಾರಿ ಕೇಂದ್ರಗಳಲ್ಲಿ ಒಂದೇ ಸಲ ಬಳಸಿ ಬಿಸಾಡುವ ಡಯಾಲೈಸರ್ ಜಾರಿಗೆ ತಂದರು. ಸೋಂಕು ತಡೆಯುವುದು ಅದರ ಉದ್ದೇಶ. ಕೆಲಸದ ಹೊರೆಗೂ ಅದರಿಂದ ಲಾಭ ಇದೆ. ಮರುಬಳಕೆ ಮಾಡುವಾಗ ಪ್ರತಿ ಡಯಾಲೈಸರ್ ತೊಳೆಯಬೇಕು, ಅದರ ಒಳಗಿನ ಪ್ರಮಾಣ ಮೂಲದ ಶೇ 80ಕ್ಕಿಂತ ಕಡಿಮೆಯಾಗಿಲ್ಲ ಎಂದು ಅಳೆಯಬೇಕು, ರಾಸಾಯನಿಕ ತುಂಬಿ ರೋಗಿಯ ಹೆಸರು ಬರೆದಿಡಬೇಕು, ಮುಂದಿನ ಸಲ ರಾಸಾಯನಿಕ ಪೂರ್ತಿ ಹೋಗಿದೆಯಾ ಎಂದು ಪರೀಕ್ಷಿಸಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಹೋದರೆ ಅನಾಹುತ. ಈ ಕೆಲಸ ತಪ್ಪಿದರೆ ಅಷ್ಟು ಹೊತ್ತು ರೋಗಿಗೆ ಸಿಗುತ್ತದೆ. ಖಾಸಗಿ ಕೇಂದ್ರಕ್ಕೆ ಸೇರುವವರು ಅಲ್ಲಿ ಮರುಬಳಕೆ ಇದೆಯೇ, ಇದ್ದರೆ ತೊಳೆಯುವವರು ಯಾರು ಎಂದು ಕೇಳಿಯೇ ಕೇಳಬೇಕು.

ಮಳೆಗಾಲ ಎಂಬ ಇನ್ನೊಂದು ಪಾಳಿ

ಉತ್ತರ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಗಳ ಮೇಲೆ ಭರವಸೆ ಇಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆಯ ತೊಂದರೆ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ರಸ್ತೆ ಮುಚ್ಚಿದರೆ ಒಂದು ಸರದಿ ತಪ್ಪುತ್ತದೆ. ತೆರೆದ ಮೇಲೆ ಸರದಿ ತಪ್ಪಿದವರೆಲ್ಲ ಒಟ್ಟಿಗೆ ಬರುತ್ತಾರೆ. ಕಾಲು ಊದಿರುತ್ತದೆ, ಏದುಸಿರು ಬರುತ್ತಿರುತ್ತದೆ, ಪೊಟ್ಯಾಸಿಯಂ ಏರಿರುತ್ತದೆ. ಮೂರು ಗಂಟೆಗೆ ಬರಬೇಕಾದ ಸಂಜೆ ಪಾಳಿಯ ಸಿಬ್ಬಂದಿಯೂ ಅದೇ ರಸ್ತೆಯಲ್ಲಿ ಸಿಕ್ಕಿರಬಹುದು. ಆಗ ಬೆಳಿಗ್ಗೆ ಬಂದವರೇ ಮುಂದುವರಿಸಬೇಕು. ಮೂರು ಪಾಳಿ ಅಂದರೆ ಯಂತ್ರಕ್ಕೇ 12 ಗಂಟೆ. ನಡುವಿನ ಬದಲಾವಣೆ, ಬೆಳಗಿನ ಸಿದ್ಧತೆ, ರಾತ್ರಿಯ ಶುಚಿ ಸೇರಿದರೆ 14–15 ಗಂಟೆ.

ಕರೆಂಟು ಹೋಗುವುದೂ ಇದೆ. ಯಂತ್ರದಲ್ಲಿ ಬ್ಯಾಟರಿ ಇದ್ದರೆ ಸ್ವಲ್ಪ ಹೊತ್ತು ರಕ್ತದ ಪಂಪ್ ತಿರುಗುತ್ತದೆ. ಅದೂ ಸೋತು, ಜನರೇಟರ್ ಬೇಗ ಶುರುವಾಗದಿದ್ದರೆ ಪಂಪ್ ಅನ್ನು ಕೈಯಿಂದ ತಿರುಗಿಸಿ ರಕ್ತ ವಾಪಸ್ ಕೊಡಬೇಕು, ಇಲ್ಲದಿದ್ದರೆ ಅದು ಟ್ಯೂಬ್‌ನಲ್ಲೇ ಹೆಪ್ಪುಗಟ್ಟುತ್ತದೆ. ನಾಲ್ಕು ಯಂತ್ರ, ಒಬ್ಬರು ಸಿಸ್ಟರ್. ಕೈ ಎರಡೇ.

ಕೆಲಸ ಒಪ್ಪುವ ಮೊದಲು

ಸಂದರ್ಶನದಲ್ಲಿ ‘ಒಬ್ಬರಿಗೆ ಎಷ್ಟು ರೋಗಿ’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಉಪಯೋಗದ ಪ್ರಶ್ನೆಗಳಿವೆ. ಎರಡು ಪಾಳಿಗಳ ನಡುವೆ ಎಷ್ಟು ನಿಮಿಷ ಬಿಟ್ಟಿದ್ದೀರಿ? ಎಲ್ಲರನ್ನೂ ಒಟ್ಟಿಗೆ ಶುರು ಮಾಡುತ್ತೀರಾ? ಒಬ್ಬರು ಬರದಿದ್ದ ದಿನ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ‘ಅಡ್ಜಸ್ಟ್ ಮಾಡ್ಕೊಳ್ಳೋದು’ ಎಂಬ ಉತ್ತರ ಬಂದರೆ ಬದಲಿ ವ್ಯವಸ್ಥೆ ಇಲ್ಲ ಎಂದೇ ಅರ್ಥ. ರೋಗಿಗೆ ಜೋರಾದಾಗ ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದೂ ಮುಖ್ಯ. ಮೂತ್ರಪಿಂಡ ತಜ್ಞರು ತಾಲ್ಲೂಕಿನಲ್ಲಿ ದಿನವೂ ಸಿಗುವುದು ಅಪರೂಪ. ಫೋನಿನಲ್ಲಿ ಸಲಹೆ ಸಿಗುವವರೆಗೆ ತೀರ್ಮಾನ ಸಿಸ್ಟರ್ ತಲೆಯ ಮೇಲೆಯೇ.

ಹೊಸಬರಿಗೆ ಎಷ್ಟು ದಿನ ಜೊತೆಗೆ ನಿಂತು ಕಲಿಸುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಅಮೆರಿಕದ ನಿಯಮದಲ್ಲಿ ಪಾಳಿಯ ಹೊಣೆ ಹೊರುವ ನರ್ಸ್‌ಗೆ ಕನಿಷ್ಠ 12 ತಿಂಗಳ ಅನುಭವ, ಅದರಲ್ಲಿ ಮೂರು ತಿಂಗಳಾದರೂ ಡಯಾಲಿಸಿಸ್‌ನಲ್ಲಿ ಇರಬೇಕು. ಒಂದು ವಾರ ತೋರಿಸಿ ನಾಲ್ಕು ಯಂತ್ರ ಒಪ್ಪಿಸುವ ಕಡೆ ಆ ನಾಲ್ಕು, ನುರಿತವರ ಎಂಟಕ್ಕೆ ಸಮ.

ಸಾಧ್ಯವಾದರೆ ಸೇರುವ ಮೊದಲು ಒಂದು ಪಾಳಿ ಬದಲಾಗುವುದನ್ನು ನೋಡಲು ಅನುಮತಿ ಕೇಳಬೇಕು. ಅಲಾರಾಂ ಹೊಡೆದಾಗ ಯಾರಾದರೂ ರೋಗಿಯ ಮುಖ ನೋಡುತ್ತಾರಾ, ಬಟನ್ ಒತ್ತಿ ಸದ್ದು ನಿಲ್ಲಿಸಿ ಹೋಗುತ್ತಾರಾ? ಹನ್ನೊಂದು ಗಂಟೆಗೆ ನೋಡಿದರೆ ದಾಖಲೆಯ ಹಾಳೆಯಲ್ಲಿ ಹತ್ತೂವರೆಯ ಬಿಪಿ ಬರೆದಿದೆಯಾ, ಖಾಲಿ ಇದೆಯಾ? ಎರಡು ಯಂತ್ರಗಳ ನಡುವೆ ಕೈಗವಸು ಬದಲಾಗುತ್ತದೆಯಾ? ಸಿಬ್ಬಂದಿ ಮಧ್ಯಾಹ್ನದ ಊಟ ಯಾವಾಗ ಮಾಡುತ್ತಾರೆ? ಯಾರೂ ಹೇಳಿಕೊಡದ ಉತ್ತರಗಳು ಆ ಒಂದು ಗಂಟೆಯಲ್ಲಿ ಸಿಗುತ್ತವೆ.

ಹೀಗೇ ಬಿಟ್ಟರೆ ಏನಾಗುತ್ತದೆ

ಸಿಬ್ಬಂದಿ ಸಾಲದಿದ್ದರೆ ಮೊದಲು ಪಾಳಿ ಕಡಿಮೆಯಾಗುತ್ತದೆ. ಪಾಳಿ ಕಡಿಮೆಯಾದರೆ ಮೂರು ಸಲ ಬರುತ್ತಿದ್ದವರು ಎರಡು ಸಲಕ್ಕೆ ಇಳಿಯುತ್ತಾರೆ. ಎರಡು ಸಲ ಬರುವವರು ಹೆಚ್ಚು ನೀರು ಹೊತ್ತು ಬರುತ್ತಾರೆ, ಹೆಚ್ಚು ಸಲ ಬಿಪಿ ಬೀಳುತ್ತದೆ. ಹಾಗಾಗಿ ಇದ್ದ ಸಿಬ್ಬಂದಿಗೆ ಪ್ರತಿ ಡಯಾಲಿಸಿಸ್ ಇನ್ನೂ ಭಾರ. ಅವರಲ್ಲಿ ಅನುಭವ ಇದ್ದವರು ಮಂಗಳೂರಿಗೋ ಗಲ್ಫ್‌ಗೋ ಹೋಗುತ್ತಾರೆ. ಜಾಗಕ್ಕೆ ಹೊಸಬರು ಬರುತ್ತಾರೆ. ಹೊಸಬರಿಗೆ ಕಲಿಸಬೇಕಾದವರೇ ಹೋಗಿರುತ್ತಾರೆ. ಇನ್ನೊಂದು ಯಂತ್ರ ತಂದಿಟ್ಟರೆ ಈ ಸುತ್ತು ನಿಲ್ಲುವುದಿಲ್ಲ, ಇರುವ ಜನರ ಮೇಲೆ ಇನ್ನೊಂದು ಯಂತ್ರದ ಹೊರೆ ಬೀಳುತ್ತದೆ.

ಹೊರೆಯನ್ನು ಬೇರೆ ಕಡೆಯಿಂದ ತಗ್ಗಿಸುವ ದಾರಿಯೂ ಇದೆ. ಹೊಟ್ಟೆಯೊಳಗೆ ದ್ರಾವಣ ತುಂಬಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಈಗ ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಸೋಂಕಿನ ಬಗ್ಗೆ ಬಹಳ ಎಚ್ಚರ ಬೇಕು, ಮನೆಯವರಿಗೆ ಸರಿಯಾಗಿ ಕಲಿಸಬೇಕು. ಜೊಯಿಡಾದಂಥ ಕಡೆ, ಮಳೆಗಾಲದಲ್ಲಿ ರಸ್ತೆ ಕೈಕೊಡುವ ಊರುಗಳಲ್ಲಿ ಅದರ ಬಗ್ಗೆ ಗಂಭೀರವಾಗಿ ಯೋಚಿಸಬೇಕು.

ತಾಲ್ಲೂಕು ಕೇಂದ್ರದ ಪರಿಸ್ಥಿತಿ ತಿಳಿಯಬೇಕೆನ್ನುವವರು, ರೋಗಿಯ ಮನೆಯವರಾಗಲಿ ಸ್ಥಳೀಯ ಸಂಘದವರಾಗಲಿ, ಮಾಹಿತಿ ಹಕ್ಕಿನಲ್ಲಿ ಎರಡು ದಾಖಲೆ ಕೇಳಬಹುದು. ಒಂದು ತಿಂಗಳಲ್ಲಿ ಪ್ರತಿ ಪಾಳಿಗೆ ಎಷ್ಟು ಡಯಾಲಿಸಿಸ್ ಆಯಿತು ಎಂಬ ಲೆಕ್ಕ, ರೋಗಿಗಳ ಹೆಸರು ತೆಗೆದು. ಅದೇ ತಿಂಗಳ ಸಿಬ್ಬಂದಿ ಹಾಜರಿ, ಬಂದ ಮತ್ತು ಹೋದ ವೇಳೆ ಸಮೇತ. ಎರಡನ್ನೂ ಪಕ್ಕಪಕ್ಕ ಇಟ್ಟು ದಿನ ದಿನದ ಲೆಕ್ಕ ಹಾಕಿದರೆ ಒಬ್ಬರಿಗೆ ನಿಜವಾಗಿ ಎಷ್ಟು ರೋಗಿ ಬಿದ್ದಿದ್ದರು ಎಂದು ಗೊತ್ತಾಗುತ್ತದೆ. ಮೊದಲು ಸೋಮವಾರಗಳನ್ನೂ, ಯಾರಾದರೂ ರಜೆ ಹಾಕಿದ ದಿನಗಳನ್ನೂ ನೋಡಬೇಕು.